ತೋರುಬೆರಳಿಗೆ ಆರು ಕೋಟು

ಪಿಂಗಾಣಿ ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿಯೊಂದು ರಟ್ಟಿನ ಡಬ್ಬದ ಮೇಲೂ ಒಂದು ಕೈ ಇತ್ತು. ಟೀ ಕಪ್ ಹಿಡಿದ ಕೈ. ಬೆಣ್ಣೆಯಲ್ಲಿ ಅದ್ದಿ ತೆಗೆದಂಥ, ಗೆರೆ ಇಲ್ಲದ, ಗಂಟು ಇಲ್ಲದ, ಜನ್ಮದಲ್ಲಿ ಒಂದು ಪಾತ್ರೆ ತಿಕ್ಕದ ಕೈ. ಅದು ಯಾರದ್ದೆಂದು ಕಾರ್ಖಾನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಣ್ಣು ಕಲಸಿದವರದ್ದಲ್ಲ, ಅಚ್ಚಿಗೆ ಸುರಿದವರದ್ದಲ್ಲ, ಭಟ್ಟಿಯ ಬಾಯಿ ಮುಂದೆ ಹುಬ್ಬು ಸುಟ್ಟುಕೊಂಡವರದ್ದಂತೂ ಅಲ್ಲವೇ ಅಲ್ಲ. ಎಲ್ಲಿಂದಲೋ ಬಂದು, ಎಲ್ಲರ ಕಪ್ಪನ್ನೂ ತನ್ನದೇ ಎಂಬಂತೆ ಹಿಡಿದುಕೊಂಡು ಕೂತಿತ್ತು. ಹತ್ತೊಂಬತ್ತು ವರ್ಷ ಅದನ್ನು ನೋಡಿ ನೋಡಿ ಟಿಂಗಕ್ಕನಿಗೆ ಮೈಯೆಲ್ಲ ಉರಿದುಹೋಗಿತ್ತು.

ಟಿಂಗಕ್ಕ ಎಂದರೆ ಕಾರ್ಖಾನೆಯ ಕಿವಿ. ಸುಟ್ಟು ಆರಿದ ಕಪ್‌ಗಳೆಲ್ಲ ಹಲಗೆಗಳ ಮೇಲೆ ಸಾಲಾಗಿ ಅವಳ ಮೇಜಿಗೆ ಬರುತ್ತಿದ್ದವು. ಎಡಗೈಯಲ್ಲಿ ಕಪ್ ಎತ್ತಿ, ಬಲಗೈ ತೋರುಬೆರಳಿನ ಉಗುರಿನಿಂದ ಅಂಚಿಗೆ ಒಂದು ಏಟು. ಟಿಂಗ್ ಎಂದರೆ ಒಳ್ಳೆಯದು, ಬಲಗಡೆಯ ಹಲಗೆಗೆ. ಟಕ್ ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕು, ಎಡಗಡೆಯ ಕ್ರೇಟಿಗೆ. ಕ್ರೇಟು ತುಂಬಿದರೆ ಪುಡಿ ಮಾಡುವ ಡ್ರಮ್ಮಿಗೆ. ಹತ್ತೊಂಬತ್ತು ವರ್ಷದಲ್ಲಿ ಆ ಉಗುರು ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ಅವಳು ಟಕ್ ಅಂದಳೆಂದರೆ ಯಜಮಾನರೂ ತಿರುಗಿ ಕೇಳುತ್ತಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಮೇಸ್ತ್ರಿ ಪ್ಯಾಕಿಂಗ್ ಕೋಣೆಗೆ ಬಂದು ಚಪ್ಪಾಳೆ ತಟ್ಟಿದ. "ಕೇಳ್ರಪ್ಪಾ! ಹೊಸ ಡಬ್ಬ ಬರ್ತಾ ಇದೆ. ಮುಂದಿನ ವಾರ ಶುಕ್ರವಾರ ಹನ್ನೊಂದು ಗಂಟೆಗೆ ಫೋಟೊ. ಪಟ್ಟಣದಿಂದ ಒಂದು ಕೈ ತರಿಸ್ತಾರೆ."

"ಬರೀ ಕೈ ತರಿಸ್ತಾರಾ?" ಎಂದಳು ಟಿಂಗಕ್ಕ. "ಮಿಕ್ಕ ಮೈ ಮನೇಲೇ ಬಿಟ್ಟು ಬರತ್ತಾ?"

ಎಲ್ಲರೂ ಗೊಳ್ಳೆಂದರು. ಆ ನಗುವಿನ ಅಮಲಿನಲ್ಲೇ ಅವಳ ಬಾಯಿಂದ ಇನ್ನೊಂದು ಮಾತು ಜಾರಿತು. "ಯಾಕೆ, ನನ್ನ ಕೈಗೇನಾಗಿದೆ?"

ಈಗ ಯಾರೂ ನಗಲಿಲ್ಲ. ಮೇಸ್ತ್ರಿ ಹತ್ತಿರ ಬಂದು, ಕೊಳೆತ ಬದನೆಕಾಯಿ ತಿರುಗಿಸಿ ನೋಡುವವನಂತೆ ಅವಳ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿದ. ಒಂಬತ್ತು ಉಗುರುಗಳನ್ನು ಟಿಂಗಕ್ಕ ಬುಡದವರೆಗೆ ಕಚ್ಚಿ ಮುಗಿಸಿದ್ದಳು. ಹತ್ತನೆಯದು, ಆ ತೋರುಬೆರಳಿನದು ಮಾತ್ರ, ಚಮಚದ ಹಾಗೆ ಉದ್ದಕ್ಕೆ ನಿಂತಿತ್ತು.

"ಇದು ಕೈಯಲ್ಲ ಅಕ್ಕಾ, ಸ್ಕ್ರೂಡ್ರೈವರ್," ಎಂದ ಮೇಸ್ತ್ರಿ.

ಟಿಂಗಕ್ಕನ ಕಿವಿ ಕೆಂಪಾಯಿತು. ಅವಳ ನೆರವಿಗೆ ಬಂದವಳು ನಾದಿನಿ. ಗಂಡನ ತಂಗಿ, ಅದೇ ಕೋಣೆಯಲ್ಲಿ ಕಪ್‌ಗಳಿಗೆ ಕಾಗದ ಸುತ್ತುವವಳು. ದಿನಕ್ಕೊಂದು ಬಣ್ಣದ ಉಗುರು, ಬಣ್ಣಕ್ಕೊಂದು ಬಾಟಲಿ. "ಎಂಟು ದಿನ ಇದೆಯಲ್ಲಾ ಮೇಸ್ತ್ರಿ. ನಮ್ಮ ಅತ್ತಿಗೆ ಉಗುರು ಹೇಗಾಗತ್ತೆ ನೋಡ್ತಾ ಇರಿ. ಅಲ್ಲೀತನಕ ಆ ಪಟ್ಟಣದ ಕೈ ಜೇಬಲ್ಲೇ ಇರ್ಲಿ."

ಮೇಸ್ತ್ರಿ ಮೂಗು ಮುರಿದ. "ಆಯ್ತಮ್ಮಾ. ಶುಕ್ರವಾರ ಬೆಳಿಗ್ಗೆ ಉಗುರು ಉಗುರಿನ ಥರ ಇದ್ರೆ ಇವರ ಕೈ. ಇಲ್ಲಾಂದ್ರೆ ಒಂದು ಫೋನು, ಆ ಕೈ ಬರತ್ತೆ."

ಹೀಗೆ ನಲವತ್ತಾರನೇ ವಯಸ್ಸಿನಲ್ಲಿ ಟಿಂಗಕ್ಕ ಉಗುರಿನ ಶಾಲೆಗೆ ಸೇರಿದಳು.

ಮೊದಲನೇ ಪಾಠ, ಕಚ್ಚಬಾರದು. ಅದೊಂದೇ ಸಾಕಾಗಿತ್ತು ಜೀವ ತೆಗೆಯಲು. ಬಸ್ಸಿಗೆ ಕಾಯುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು, ಹಾಲು ಉಕ್ಕುವುದನ್ನು ಕಾಯುವಾಗ ಹೋಗುತ್ತಿತ್ತು, ಟೀವಿಯಲ್ಲಿ ಯಾರಾದರೂ ಅತ್ತರೆ ಎರಡೂ ಕೈ ಒಟ್ಟಿಗೆ ಹೋಗುತ್ತಿದ್ದವು. ನಾದಿನಿ ಹಾಗಲಕಾಯಿ ರಸ ಹಿಂಡಿ ಒಂಬತ್ತು ಬೆರಳಿಗೂ ಹಚ್ಚಿದಳು. ಟಿಂಗಕ್ಕ ಎರಡು ದಿನ ಮುಖ ಕಿವುಚಿಕೊಂಡು ಓಡಾಡಿದಳು. ಮೂರನೇ ದಿನ ಆ ಕಹಿಯೂ ರೂಢಿಯಾಗಿ ನಾಲಿಗೆ ಚಪ್ಪರಿಸತೊಡಗಿದಾಗ ನಾದಿನಿ ತಲೆ ಚಚ್ಚಿಕೊಂಡು, "ಅತ್ತಿಗೇ, ನೀವು ಮನುಷ್ಯರೇನಾ?" ಎಂದು ಮನೆಯಲ್ಲಿದ್ದ ಹಳೆಯ ಉಲ್ಲನ್ ಕೈಗವಸನ್ನೇ ಹಾಕಿಸಿದಳು.

ಆಮೇಲೆ ಎಣ್ಣೆ. ಉಗುರಿನ ಬುಡಕ್ಕೆ ಬೆಳಿಗ್ಗೆ ಒಂದು ತೊಟ್ಟು, ಸಂಜೆ ಒಂದು ತೊಟ್ಟು. ಬಿಸಿನೀರಲ್ಲಿ ಬೆರಳು ನೆನೆಸಿ, ಬುಡದ ಚರ್ಮವನ್ನು ಮೊಂಡು ಕಡ್ಡಿಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳಬೇಕು, ಕತ್ತರಿಸಬಾರದು. ಅರ ಹಾಕುವಾಗ ಒಂದೇ ಕಡೆಗೆ ಎಳೆಯಬೇಕು, ಗರಗಸದ ಹಾಗೆ ಹಿಂದೆ ಮುಂದೆ ಉಜ್ಜಿದರೆ ಉಗುರು ಪದರ ಪದರವಾಗಿ ಸೀಳುತ್ತದೆ. ಬಣ್ಣದ ಬಾಟಲಿಯನ್ನು ಔಷಧಿಯಂತೆ ಕುಲುಕಬಾರದು, ಅಂಗೈ ನಡುವೆ ಹೊರಳಿಸಬೇಕು, ಕುಲುಕಿದರೆ ಗುಳ್ಳೆ.

"ಅಯ್ಯೋ ದೇವರೇ," ಎಂದಳು ಟಿಂಗಕ್ಕ. "ಮಗೂನ ಸಾಕೋದು ಇದಕ್ಕಿಂತ ಸುಲಭ ಕಣೆ."

"ಮಗು ಫೋಟೊ ಡಬ್ಬದ ಮೇಲೆ ಬರಲ್ವಲ್ಲಾ ಅತ್ತಿಗೆ."

ಅದು ನಿಜ. ಒಂದೊಂದು ಡಬ್ಬದ ಮೇಲೂ ತನ್ನ ಕೈ. ಯಾವ ಯಾವ ಊರಿಗೋ, ಯಾರ ಯಾರ ಮನೆಗೋ. ಹಾಗೆಂದು ನೆನೆದರೆ ಸಾಕು, ಟಿಂಗಕ್ಕನ ಹೊಟ್ಟೆಯಲ್ಲಿ ಯಾರೋ ಕಚಗುಳಿ ಇಟ್ಟಂತಾಗಿ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದವರ ಉಗುರುಗಳನ್ನೆಲ್ಲ ನೋಡತೊಡಗಿದಳು. ಕಂಡಕ್ಟರನ ಹೆಬ್ಬೆರಳನ್ನು ಎಷ್ಟು ಹೊತ್ತು ದಿಟ್ಟಿಸಿದಳೆಂದರೆ ಆತ ನಾಚಿ ಕೈ ಹಿಂದಕ್ಕೆ ಎಳೆದುಕೊಂಡ. ಬುಧವಾರದ ಹೊತ್ತಿಗೆ ಒಂಬತ್ತು ಉಗುರುಗಳಿಗೂ ಅಕ್ಕಿನುಚ್ಚಿನಷ್ಟು ಬಿಳಿ ಅಂಚು ಬಂದಿತ್ತು. ಅಕ್ಕಿನುಚ್ಚೇನು ಕಡಿಮೆಯೇ? ಅವಳು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಮಾತಾಡಿಸಿದಳು.

ಗುರುವಾರ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಟಿಂಗಕ್ಕ, ನಾದಿನಿ, ಗಂಡ ಮೂವರೂ ಕೂತರು. ಬಣ್ಣ ಕೆಂಪು. ಕೆಂಪು ಎಂದರೆ ಅಂಜಿಕೊಂಡ ಕೆಂಪಲ್ಲ, ಎದುರು ಬಂದವರು ದಾರಿ ಬಿಡಬೇಕು, ಅಂಥ ಕೆಂಪು.

ಎಡಗೈಗೆ ಟಿಂಗಕ್ಕ ತಾನೇ ಹಚ್ಚಿಕೊಂಡಳು. "ನಡುವೆ ಒಂದು ಗೆರೆ, ಆ ಪಕ್ಕ ಒಂದು, ಈ ಪಕ್ಕ ಒಂದು, ಮುಗೀತು. ಚರ್ಮಕ್ಕೆ ತಾಗಿಸ್ಬೇಡಿ," ಎಂದಿದ್ದಳು ನಾದಿನಿ. ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಎಳೆದದ್ದಷ್ಟೇ, ಹೆಬ್ಬೆರಳು ಬಾಗಿಲಿಗೆ ಸಿಕ್ಕಿ ಜಜ್ಜಿಹೋದಂತೆ ಕಂಡಿತು. ಕಿರುಬೆರಳಿನಲ್ಲಿ ಉಗುರು ಯಾವುದು, ಬೆರಳು ಯಾವುದು, ತಿಳಿಯದಾಯಿತು. ನಾದಿನಿ ಹತ್ತಿಯ ಕಡ್ಡಿಯನ್ನು ಬಣ್ಣ ತೆಗೆಯುವ ನೀರಿನಲ್ಲಿ ಅದ್ದಿ, ಅಂಚುಗಳನ್ನು ಒರೆಸಿ ಒರೆಸಿ ಒಂದು ರೂಪಕ್ಕೆ ತಂದಳು. ಆದರೂ ಐದು ಕೆಂಪು ಉಗುರು! ಟಿಂಗಕ್ಕ ಕೈಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ಕಿವಿಯ ಪಕ್ಕ ಇಟ್ಟುಕೊಂಡು ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ನೋಡಿಕೊಂಡಳು.

ಈಗ ಬಲಗೈ. ಎಡಗೈಯಲ್ಲಿ ಬ್ರಷ್ ಹಿಡಿದರೆ ಅದು ಗುರಿ ಬಿಟ್ಟು ಮಿಕ್ಕಲ್ಲೆಲ್ಲ ಹೋಗುತ್ತಿತ್ತು. ನಾದಿನಿ ಹಚ್ಚಲು ಕೈ ಚಾಚಿದಳು. ಅಷ್ಟರಲ್ಲಿ, "ಸರಿ ಆ ಕಡೆ," ಎಂದ ಗಂಡ.

ಗಂಡನಿಗೆ ಬೀದಿಯ ತಿರುವಿನಲ್ಲಿ ಪಂಕ್ಚರ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಟ್ಯೂಬಿಗೆ ಸೊಲ್ಯೂಷನ್ ಹಚ್ಚಿದ ಕೈ.

"ಅಣ್ಣಾ, ಇದು ಟ್ಯೂಬಲ್ಲ!" ಎಂದು ಕಿರುಚಿದಳು ತಂಗಿ.

"ಎಲ್ಲಾ ಒಂದೇ ಕಣೆ. ಮೊದ್ಲು ಉಜ್ಜಬೇಕು, ಆಮೇಲೆ ತೆಳ್ಳಗೆ ಹಚ್ಚಬೇಕು, ಆಮೇಲೆ ಬಾಯಿ ಮುಚ್ಕೊಂಡು ಕಾಯಬೇಕು. ಕಾಯಕ್ಕೆ ಬರ್ದೇ ಇರೋರು ಈ ಕೆಲಸಕ್ಕೆ ಬರಬಾರ್ದು." ಹೀಗೆನ್ನುತ್ತ ಟಯರಿನ ಅರಕ್ಕೆ ಕೈ ಹಾಕಿದ. ನಾದಿನಿ ಅದನ್ನು ಕಸಿದುಕೊಂಡು ಕಿಟಕಿಯ ಆಚೆ ಎಸೆದಳು.

ಆದರೆ ಬ್ರಷ್ ಹಿಡಿದ ಮೇಲೆ ಅವನನ್ನು ಅನ್ನುವ ಹಾಗಿರಲಿಲ್ಲ. ಹೆಂಡತಿಯ ಬೆರಳನ್ನು ಎರಡು ಬೆರಳಲ್ಲಿ ಹಿಡಿದು, ಕತ್ತು ಓರೆ ಮಾಡಿ, ನಡುವೆ ಒಂದು ಗೆರೆ, ಆ ಪಕ್ಕ, ಈ ಪಕ್ಕ. ಒಂದು ಕೂದಲಷ್ಟೂ ಹೊರಗಿಲ್ಲ. ಹಚ್ಚಿ, ಉಫ್ ಎಂದು ಊದಿದ. ಟಿಂಗಕ್ಕನಿಗೆ ಅಂಗೈಯಿಂದ ಭುಜದವರೆಗೆ ಜುಮ್ಮೆಂದಿತು.

"ರೀ, ನಗು ಬರತ್ತೆ, ಊದಬೇಡಿ."

"ಅಲ್ಲಾಡ್ಬೇಡ. ಗಾಳಿ ಹೋಗತ್ತೆ."

"ನಾನು ಇಲ್ಲೇ ಇದೀನಿ, ನೆನಪಿರ್ಲಿ," ಎಂದಳು ನಾದಿನಿ.

ತೋರುಬೆರಳಿಗೆ ಬಂದಾಗ ಗಂಡ ನಿಂತ. ಆ ಉಗುರನ್ನು ಬೆಳಕಿಗೆ ಹಿಡಿದು ನೋಡಿದ. "ಇದು ದಿನಾ ಸಾವಿರ ಏಟು ತಿನ್ನೋ ಉಗುರು. ಒಂದು ಕೋಟು ಎರಡು ಕೋಟು ಸಾಲಲ್ಲ. ನಾಳೆ ಫೋಟೊ ಹೊತ್ತಿಗೆ ಚಕ್ಕೆ ಎದ್ದರೆ ನನ್ನ ಮರ್ಯಾದೆ ಹೋಗತ್ತೆ." ಒಂದು ಕೋಟು ಹಚ್ಚಿದ, ಕಾದ. ಇನ್ನೊಂದು ಹಚ್ಚಿದ, ಕಾದ. ಊಟ ಆಯಿತು. ಟಿಂಗಕ್ಕನಿಗೆ ಅವನೇ ತುತ್ತು ಮಾಡಿ ತಿನ್ನಿಸಿದ, ಮಧ್ಯೆ ಮಧ್ಯೆ ಕೋಟು ಹಚ್ಚಿದ. ಆರು ಕೋಟು ಆದಾಗ ಆ ಉಗುರು ಹೊಸ ಕಾರಿನ ಬಾನೆಟ್ಟಿನಂತೆ ಮಿಂಚುತ್ತಿತ್ತು. ಗಂಡನಿಗೆ ತಲೆಯ ಮೇಲೆ ಕೋಡು ಮೂಡಿತ್ತು. "ಇನ್ನು ಲಾರಿ ಹತ್ತಿಸಿದ್ರೂ ಏನೂ ಆಗಲ್ಲ," ಎಂದ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿ ಗೇಟಿನಲ್ಲೇ ಕೈ ನೋಡಿದ. ನೋಡಿದ, ಮತ್ತೆ ನೋಡಿದ. "ಹೂಂ. ಹನ್ನೊಂದಕ್ಕೆ ರೆಡಿ ಇರಿ. ಅಲ್ಲೀತನಕ ಗೀರು ಬಿದ್ರೆ ನಾನು ಹೊಣೆಯಲ್ಲ," ಎಂದ. ಪ್ಯಾಕಿಂಗ್ ಕೋಣೆಯವರೆಲ್ಲ ಸಾಲಾಗಿ ಬಂದು ಕೈ ನೋಡಿ ಹೋದರು. ಟಿಂಗಕ್ಕ ನೆಲದಿಂದ ಒಂದು ಗೇಣು ಮೇಲೆ ನಡೆದು ಹೋಗಿ ತನ್ನ ಮೇಜಿಗೆ ಕೂತಳು.

ಮೊದಲನೇ ಕಪ್ ಎತ್ತಿ ಬಾರಿಸಿದಳು. ಟಕ್.

ಎಡಗಡೆಯ ಕ್ರೇಟಿಗೆ. ಎರಡನೆಯದು, ಟಕ್. ಮೂರನೆಯದು, ಟಕ್. ಒಂದು ಹಲಗೆ ಪೂರ್ತಿ ಟಕ್ ಟಕ್ ಟಕ್, ಬಡಗಿ ಮೊಳೆ ಹೊಡೆದ ಹಾಗೆ. ಎರಡನೇ ಹಲಗೆ ತರಿಸಿದಳು. ಅದೂ ಅಷ್ಟೇ.

"ಮೇಸ್ತ್ರೀ!" ಎಂದು ಕೂಗಿದಳು. "ಭಟ್ಟಿ ಕೆಟ್ಟಿದೆ. ಒಂದೂ ನೆಟ್ಟಗಿಲ್ಲ!"

ಬೇರೆ ಯಾರಾದರೂ ಹೇಳಿದ್ದರೆ ಮೇಸ್ತ್ರಿ ಹತ್ತು ಸಲ ಕೇಳುತ್ತಿದ್ದ. ಹೇಳಿದವಳು ಟಿಂಗಕ್ಕ. ಅವನು ಎದ್ದೆನೋ ಬಿದ್ದೆನೋ ಎಂದು ಭಟ್ಟಿಯ ಕಡೆ ಓಡಿದ. ಉರಿ ನೋಡಿಕೊಳ್ಳುವ ಭಟ್ಟಿಯಣ್ಣನನ್ನು, ಮಾತು ಕಡಿಮೆಯ ಆ ದೊಡ್ಡ ಮನುಷ್ಯನನ್ನು, ಬಾಯಿಗೆ ಬಂದಂತೆ ಬೈದ. ರಾತ್ರಿ ನಿದ್ದೆ ಹೊಡೆದೆಯಾ, ಉರಿ ಹೆಚ್ಚು ಮಾಡಿದೆಯಾ, ಇವತ್ತೇ ಲೆಕ್ಕ ಮುಗಿಸಿ ಮನೆಗೆ ಹೋಗು. ಭಟ್ಟಿಯಣ್ಣ ಸೊಂಟದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡು, "ಟಿಂಗಕ್ಕ ಹೇಳಿದ್ಲಾ?" ಎಂದು ಮಾತ್ರ ಕೇಳಿದ. ಹೌದೆಂದಾಗ ತಲೆ ತಗ್ಗಿಸಿದ. "ಹಾಗಿದ್ರೆ ತಪ್ಪು ನನ್ದೇ ಇರಬೇಕು."

ಆಮೇಲೆ ಕಾರ್ಖಾನೆಗೆ ಕಾರ್ಖಾನೆಯೇ ತಲೆಕೆಳಗಾಯಿತು. ಮಣ್ಣು ಕಲಸುವವರು ಮೆರುಗು ಹಚ್ಚುವವರನ್ನು ಬೈದರು, ಅವರು ನೀರಿನ ಟ್ಯಾಂಕಿನವನನ್ನು ಬೈದರು. ಅವನಿಗೆ ಬೈಯಲು ಯಾರೂ ಉಳಿಯದೆ ನಲ್ಲಿಯನ್ನು ಒದ್ದ. ಹತ್ತು ಗಂಟೆಯ ಹೊತ್ತಿಗೆ ಟಿಂಗಕ್ಕನ ಎಡಗಡೆ ಕ್ರೇಟುಗಳು ಆಳೆತ್ತರ ಆಗಿದ್ದವು. ಬಲಗಡೆ ಹಲಗೆಯ ಮೇಲೆ ಒಂದು ನೊಣ ಕೂತಿತ್ತು. ಡ್ರಮ್ಮಿನ ಗಾಡಿ ತರಲು ಮೇಸ್ತ್ರಿ ಹೇಳಿ ಕಳಿಸಿದ.

ನಾದಿನಿ ಟೀ ತಂದು ಮೇಜಿನ ಮೇಲಿಟ್ಟಳು, ಟಿಂಗಕ್ಕನ ಸ್ವಂತ ಕಪ್ಪಿನಲ್ಲಿ. ಕೆಲಸಕ್ಕೆ ಸೇರಿದ ವರ್ಷ ಅವಳೇ ಆರಿಸಿ ಇಟ್ಟುಕೊಂಡದ್ದು. ಟೀ ಕುಡಿದು ಮುಗಿಸಿ, ದಿನವೂ ಮಾಡುವಂತೆ, ಕೈ ತನ್ನಷ್ಟಕ್ಕೆ ತಾನು ಖಾಲಿ ಕಪ್ಪಿನ ಅಂಚಿಗೆ ಒಂದು ಬಾರಿಸಿತು.

ಟಕ್.

ಟಿಂಗಕ್ಕ ಕಪ್ಪನ್ನು ನೋಡಿದಳು. ಈ ಕಪ್ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಟಕ್ ಅಂದದ್ದಿಲ್ಲ. ಮತ್ತೆ ಬಾರಿಸಿದಳು, ಟಕ್. ನಿಧಾನವಾಗಿ, ಒಂದೇ ಕೋಟು ಕಂಡಿದ್ದ ನಡುಬೆರಳಿನ ಉಗುರಿನ ತುದಿಯಿಂದ ಮುಟ್ಟಿದಳು. ಸಣ್ಣಗೆ, ಆದರೆ ಸ್ಪಷ್ಟವಾಗಿ, ಟಿಂಗ್ ಎಂದಿತು.

ತೋರುಬೆರಳನ್ನು ಕಣ್ಣ ಮುಂದೆ ಹಿಡಿದಳು. ಆರು ಕೋಟು, ಮಿಂಚುತ್ತಿತ್ತು. ರಾತ್ರಿಯೆಲ್ಲ ಒಣಗಿಯೂ ಒಳಗೊಳಗೇ ರಬ್ಬರಿನಂತೆ ಮೆತ್ತಗೆ ಉಳಿದಿತ್ತು. ಪಂಕ್ಚರ್ ಅಂಗಡಿಯವನು ಉಗುರಿಗೇ ಪ್ಯಾಚ್ ಹಾಕಿದ್ದ.

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು. ಸುಮ್ಮನಿದ್ದರೆ ಮುಕ್ಕಾಲು ಗಂಟೆಯಲ್ಲಿ ಫೋಟೊ. ಡಬ್ಬದ ಮೇಲೆ ಅವಳ ಕೈ, ಜೀವ ಇರುವವರೆಗೂ. ಬಾಯಿ ಬಿಟ್ಟರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಮೇಸ್ತ್ರಿ ಫೋನು ಎತ್ತುತ್ತಾನೆ, ಆ ಬೆಣ್ಣೆ ಕೈ ಮತ್ತೆ ಬಂದು ಕೂರುತ್ತದೆ. ಅವಳ ಕಣ್ಣು ಐದು ಬೆರಳ ಮೇಲೆ ಒಂದು ಸಲ ಓಡಿತು. ಆಚೆಯಿಂದ ಮೇಸ್ತ್ರಿಯ ಬೈಗುಳ ಇನ್ನೂ ಕೇಳುತ್ತಿತ್ತು. ಭಟ್ಟಿಯಣ್ಣ ಒಂದು ಮಾತೂ ಎದುರು ಆಡುತ್ತಿರಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ.

"ನಿಲ್ಸೀ!" ಸ್ಟೂಲಿನ ಮೇಲೆ ಹತ್ತಿ ನಿಂತು ಕೂಗಿದಳು. "ಡ್ರಮ್ಮು ನಿಲ್ಸಿ! ಭಟ್ಟಿಗೆ ಏನೂ ಆಗಿಲ್ಲ. ಕೆಟ್ಟಿರೋದು ನನ್ನ ಬೆರಳು!"

ಎಲ್ಲ ಕೋಣೆಗಳಿಂದ ಜನ ಓಡಿಬಂದರು. ಟಿಂಗಕ್ಕ ಬೆರಳು ಎತ್ತಿ ತೋರಿಸಿದಳು. ಮೊದಲು ನಕ್ಕವನು ಭಟ್ಟಿಯಣ್ಣ. ಆ ದೊಡ್ಡ ದೇಹ ಒಳಗಿನಿಂದ ಕುಲುಕಿ, ಕಣ್ಣಲ್ಲಿ ನೀರು ಬಂದು, ಗೋಡೆ ಹಿಡಿದುಕೊಂಡಿತು. "ಎಷ್ಟು ಕೋಟಕ್ಕಾ?"

"ಆರು."

"ನಮ್ಮನೆ ಗೇಟಿಗೂ ಎರಡೇ ಹಾಕಿರೋದು!"

ಇನ್ನು ನಗು ಹಿಡಿಯಲು ಯಾರಿಂದ ಸಾಧ್ಯ? ನಾದಿನಿ ಮಾತ್ರ ನಗದೆ ಕೈಚೀಲ ತಡಕಾಡಿ ಬಣ್ಣ ತೆಗೆಯುವ ನೀರಿನ ಬಾಟಲಿ ಹೊರಗೆ ತೆಗೆದಳು. ಹತ್ತಿ ಅದ್ದಿ ಉಜ್ಜಿದಳು. ಒಂದು ಕೋಟು ಹೋಯಿತು. ಎರಡು. ಮೂರನೆಯದಕ್ಕೆ ಹತ್ತಿ ಮುಗಿದು ಪ್ಯಾಕಿಂಗ್ ಕಾಗದ ತಂದರು. "ಅಣ್ಣ ಹಚ್ಚಿದ್ದು ಬಣ್ಣಾನೋ ಅಂಟೋ!" ಎಂದು ಹಲ್ಲು ಕಚ್ಚಿದಳು. ಆರನೆಯದು ಹೋದ ಮೇಲೆ ಹಳೆಯ ಉಗುರು, ಅಂಚೆಲ್ಲ ಗುಲಾಬಿಯಾಗಿ, ಸ್ನಾನ ಮಾಡಿ ಬಂದ ಕೂಸಿನ ಹಾಗೆ ಹೊರಬಂದಿತು. ಟಿಂಗಕ್ಕ ಮೇಲಿನ ಕ್ರೇಟಿನಿಂದ ಒಂದು ಕಪ್ ಎತ್ತಿದಳು.

ಟಿಂಗ್!

ಹೋ ಎಂದು ಕೂಗೆದ್ದಿತು. ಟಿಂಗ್. ಟಿಂಗ್. ಟಿಂಗ್. ಟಿಂಗಕ್ಕ ಎಡಗಡೆಯ ಬೆಟ್ಟವನ್ನು ಬಲಗಡೆಗೆ ಸಾಗಿಸತೊಡಗಿದಳು. ಭಟ್ಟಿಯಣ್ಣ ಕ್ರೇಟು ಎತ್ತಿ ಕೊಟ್ಟ, ನಾದಿನಿ ಹಲಗೆ ಜೋಡಿಸಿದಳು. ಆ ಗದ್ದಲದ ನಡುವೆ ಕೊರಳಿಗೆ ಕ್ಯಾಮರಾ ಹಾಕಿಕೊಂಡ ಫೋಟೊದ ಮೇಡಂ ಬಾಗಿಲಲ್ಲಿ ಬಂದು ನಿಂತದ್ದನ್ನು ಯಾರೂ ನೋಡಲಿಲ್ಲ.

"ಯಾರ ಕೈ ಅಂತ ಹೇಳಿದ್ರಿ?" ಎಂದು ಆಕೆ ಕೇಳಿದಾಗ ಮೇಸ್ತ್ರಿಗೆ ಬೆವರು ಕಿತ್ತುಕೊಂಡಿತು.

"ಇವರದ್ದೇ ಇತ್ತು ಮೇಡಂ. ಈಗ ಒಂದು ಬೆರಳು ಬೋಳಾಗಿದೆ. ಡಬ್ಬದ ಮೇಲೆ ಬೋಳು ಬೆರಳು ಚೆನ್ನಾಗಿರಲ್ಲ. ನಾನು ಪಟ್ಟಣದ ಕೈಗೇ ಫೋನ್ ಮಾಡ್ತೀನಿ…"

"ಒಂದು ಉಗುರು ತಾನೇ? ಮತ್ತೆ ಹಚ್ಚಿದ್ರಾಯ್ತು. ಹತ್ತು ನಿಮಿಷ."

ನಾದಿನಿಯ ಕೈಗೆ ಬಣ್ಣದ ಬಾಟಲಿ ಆಗಲೇ ಬಂದಿತ್ತು. ಟಿಂಗಕ್ಕ ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು. "ಆಗಲ್ಲ ಮೇಡಂ. ಇನ್ನೂ ಅಷ್ಟು ಕ್ರೇಟು ಬಾಕಿ ಇದೆ, ಮಧ್ಯಾಹ್ನ ಲಾರಿ ಬರತ್ತೆ. ಈ ಒಂಬತ್ತು ಉಗುರು ನನ್ನವು, ಏನು ಬೇಕಾದ್ರೂ ಬಳಿಯಿರಿ. ಇದೊಂದು ಕಾರ್ಖಾನೇದು. ಇದನ್ನ ಮುಟ್ಟಕ್ಕೆ ಬಿಡಲ್ಲ."

ಹೇಳಿಬಿಟ್ಟಳು. ಯಾರ ಮುಖವನ್ನೂ ನೋಡದೆ ಮುಂದಿನ ಕಪ್ ಎತ್ತಿದಳು. ಎಡಗೈ ಎತ್ತಿತು, ಬಲಗೈ ಬಾರಿಸಿತು. ಟಿಂಗ್.

"ಹಾಗೇ ಇರಿ," ಎಂದಳು ಫೋಟೊದ ಮೇಡಂ.

"ಹ್ಞಾಂ?"

"ಕಪ್ ಹಿಡಿದಿರೋ ಆ ಕೈ. ಅದರಲ್ಲಿ ಐದೂ ಸರಿಯಾಗಿದೆಯಲ್ಲ. ಹಾಗೇ ಸ್ವಲ್ಪ ಮೇಲೆ ಎತ್ತಿ."

ಮೇಸ್ತ್ರಿ ಗಾಬರಿಯಾದ. "ಮೇಡಂ, ಅದು ಎಡಗೈ!"

"ಕಪ್ಪಿಗೆ ಎಡ ಬಲ ಗೊತ್ತಾಗತ್ತಾ?"

ಮೇಸ್ತ್ರಿ ಕಪ್ಪನ್ನು ನೋಡಿದ. ಕ್ಯಾಮರಾ ಕ್ಲಿಕ್ ಕ್ಲಿಕ್ ಎಂದಿತು. ಟಿಂಗಕ್ಕ ಉಸಿರು ಹಿಡಿದು ಕೂತಳು, ಫೋಟೊ ಕೈಯದು ಮಾತ್ರ ಎಂದು ಗೊತ್ತಿದ್ದೂ ಮುಖವನ್ನೂ ನಗಿಸಿಕೊಂಡಳು. ಆಮೇಲೆ ಮೇಡಂ ಕ್ಯಾಮರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ತೋರಿಸಿದಳು. ಗಂಟು ಇತ್ತು, ಗೆರೆ ಇತ್ತು, ಕಿರುಬೆರಳ ಪಕ್ಕ ಸ್ವಲ್ಪ ಬಣ್ಣ ಕದಡಿತ್ತು. ಐದು ಕೆಂಪು ಉಗುರುಗಳ ನಡುವೆ ಕಪ್ ಬೆಳ್ಳಗೆ ಕೂತಿತ್ತು. "ಇದೇ ಹಾಕ್ತೀವಿ," ಎಂದಳು ಮೇಡಂ. ಟಿಂಗಕ್ಕ ಮೇಸ್ತ್ರಿಯ ಕಡೆ ತಿರುಗಿ, "ನಿಮ್ಮ ಆ ಕೈಗೆ ಫೋನ್ ಮಾಡಿ ಮೇಸ್ತ್ರಿ, ಮನೇಲೇ ಇರ್ಲಿ ಅಂತ ಹೇಳಿ," ಎಂದಳು.

ಸಂಜೆ ಬಸ್ಸಿಳಿದು ಓಡೋಡುತ್ತ ಪಂಕ್ಚರ್ ಅಂಗಡಿಗೆ ಬಂದಳು. ಗಂಡ ಯಾರದೋ ಸೈಕಲ್ಲಿನ ಟ್ಯೂಬನ್ನು ನೀರಿನ ತಟ್ಟೆಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಸೈಕಲ್ಲಿನ ಯಜಮಾನ, ಒಬ್ಬ ಮುದುಕ, ಪಕ್ಕದ ಕಲ್ಲಿನ ಮೇಲೆ ಕೂತಿದ್ದ.

"ಬಂತಾ?" ಎಂದ ಗಂಡ, ಟ್ಯೂಬು ಕೈಬಿಟ್ಟು.

"ಬಂತು ರೀ! ಡಬ್ಬದ ಮೇಲೆ ನನ್ನ ಕೈ!"

"ನಾನು ಹೇಳಿರ್ಲಿಲ್ವಾ? ಹಚ್ಚಿದ್ದು ಯಾರು?" ಎದೆಯುಬ್ಬಿಸಿ ಮುದುಕನ ಕಡೆ ತಿರುಗಿದ. "ಅಜ್ಜಾ, ನನ್ನ ಕೈಕೆಲಸ ಇನ್ಮೇಲೆ ಡಬ್ಬದ ಮೇಲೆ ಬರತ್ತೆ. ತೋರ್ಸೇ, ಆ ಬೆರಳು ತೋರ್ಸು."

ಟಿಂಗಕ್ಕ ಬೋಳು ಬೆರಳು ತೋರಿಸಿದಳು. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಕೇಳುತ್ತ ಕೇಳುತ್ತ ಗಂಡನ ಮುಖ ಗಾಳಿ ಹೋದ ಟ್ಯೂಬಿನಂತೆ ಇಳಿಯಿತು.

"ಎಡಗೈ ತೆಗೆದ್ರಾ?"

"ಹೂಂ ರೀ."

"ಅದು ನೀನು ಹಚ್ಚಿದ್ದು."

"ಹೂಂ."

"ತೋರ್ಸು." ಎಡಗೈ ಹಿಡಿದು, ಕತ್ತು ಓರೆ ಮಾಡಿ, ಒಂದೊಂದೇ ಉಗುರು ನೋಡಿದ. ತಲೆ ಅಲ್ಲಾಡಿಸಿದ. "ಥೂ, ಥೂ. ಪಕ್ಕಕ್ಕೆಲ್ಲ ಹೋಗಿದೆ. ಕಿರುಬೆರಳು ನೋಡು. ಇದನ್ನಾ ಊರೂರಿಗೆ ಕಳಿಸ್ತಾರೆ? ಕೆಲಸ ಗೊತ್ತಿಲ್ದೋರ ಕೈಗೆ ಬ್ರಷ್ ಕೊಟ್ರೆ ಹೀಗೇ ಆಗೋದು. ಕೂತ್ಕೋ ಇಲ್ಲಿ. ಬಾಟ್ಲಿ ಇದ್ಯಾ?"

"ರೀ, ಫೋಟೊ ಮುಗೀತು!"

"ಮುಗಿದ್ರೆ ಮುಗೀಲಿ. ನನ್ನ ಕಣ್ಣಿಗೆ ಇದು ಬೀಳಬಾರ್ದು. ಎರಡೇ ಕೋಟು ಹಚ್ತೀನಿ, ಆಣೆ."

ಟಿಂಗಕ್ಕ ನಗುತ್ತ, ನಾದಿನಿ ಕೊಟ್ಟಿದ್ದ ಬಾಟಲಿ ತೆಗೆದುಕೊಟ್ಟು, ಹಳೆಯ ಟಯರಿನ ಮೇಲೆ ಕೂತು ಕೈ ಚಾಚಿದಳು. ಗಂಡ ಕೈ ಒರೆಸಿಕೊಂಡು, ಬಾಟಲಿಯನ್ನು ಅಂಗೈಗಳ ನಡುವೆ ಹೊರಳಿಸಿ, ಕಿರುಬೆರಳಿನಿಂದ ಶುರು ಮಾಡಿದ.

ಕಲ್ಲಿನ ಮೇಲಿನ ಮುದುಕ ಕತ್ತು ಚಾಚಿ ನೋಡಿದ. ಆಮೇಲೆ ಕೆಮ್ಮಿದ. "ಏನಪ್ಪಾ, ನನ್ನ ಪಂಕ್ಚರ್ರು?"

"ಇರಜ್ಜಾ," ಎಂದ ಗಂಡ, ತಲೆ ಎತ್ತದೆ. "ಇದು ಒಣಗ್ಲಿ."